ಉಣ್ಣುವ ಹರಕೆ

ನಮ್ಮ ಅತ್ತೆಯ ಮನೆಯಲ್ಲಿ ಒಂದು ಬೆಳ್ಳಿಯ ತೋಳುಬಳೆ ಇತ್ತು. ಕೊಂಡಿಯಿಲ್ಲ, ತಿರುಪಿಲ್ಲ, ಒಂದೇ ಸುತ್ತಿನ ಗಟ್ಟಿ ಬಳೆ. ಮೊಣಕೈ ದಾಟಿಸಿ ಮೇಲಕ್ಕೆ ತಳ್ಳಿದರೆ ತೋಳಿನ ಮಾಂಸವೇ ಅದನ್ನು ಹಿಡಿದು ನಿಲ್ಲಿಸಬೇಕು. ಕಾರ್ತಿಕ ಮಾಸದ ಕಡೆಯ ಸೋಮವಾರ ನಮ್ಮ ಮನೆಯಿಂದ ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ತಂಬಿಟ್ಟು ಹೋಗುತ್ತಿತ್ತು. ಅದಕ್ಕೆ ಬೇಕಾದ ನವಣಕ್ಕಿಯನ್ನು ಹಿಂದಿನ ದಿನ ಮನೆಯ ಹಿರಿಯ ಸೊಸೆ ಬೀಸಬೇಕು. ದೇವರಿಗೆಂದು ತೆಗೆದಿಟ್ಟ ಕಾಳಾದ್ದರಿಂದ ಅದಕ್ಕೆ ಮೀಸಲು ಎನ್ನುತ್ತಿದ್ದರು. ಮೀಸಲು ಬೀಸಲು ಕೂತವಳು ಮಾತಾಡಕೂಡದು. ಮೂರು ಸೇರು ಮುಗಿಯುವ ತನಕ ಬೀಸುಕಲ್ಲಿನ ಗೂಟ ಬಿಡಕೂಡದು. ಇನ್ನೊಬ್ಬರ ಕೈ ಕೂಡಿಸಿಕೊಳ್ಳಕೂಡದು. ಬೀಸಿ ಎದ್ದವಳ ತೋಳಿಗೆ ಅತ್ತೆ ಆ ಬಳೆ ಏರಿಸುತ್ತಿದ್ದರು. ಮುಂದಿನ ಕಾರ್ತಿಕದ ಮೀಸಲಿನ ತನಕ ಅದು ಅವಳದು.

ನಾನು ಹಿರಿಯ ಸೊಸೆ. ಚಳ್ಳಕೆರೆ ಕಡೆಯಿಂದ ಮೊಳಕಾಲ್ಮೂರು ಸೀಮೆಗೆ ಮದುವೆಯಾಗಿ ಬಂದ ಮೇಲೆ ನಾಲ್ಕು ವರ್ಷ ನಾನೇ ಬೀಸಿದ್ದೆ. ಬಳೆ ನನ್ನ ತೋಳಿನಲ್ಲೇ ಇತ್ತು. ಅದು ಅಲ್ಲಿದೆ ಎಂದು ನಾನು ಗಮನಿಸಿದವಳೂ ಅಲ್ಲ.

ಐದನೆಯ ವರ್ಷ ಮಳೆಗಾಲದಲ್ಲಿ ವಿಷಮಜ್ವರ ಬಂತು. ನಲವತ್ತು ದಿನ ಚಾಪೆ ಬಿಟ್ಟು ಏಳಲಿಲ್ಲ. ಬದುಕಿದ್ದೇ ರಾಮೇಶ್ವರನ ಕೃಪೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎದ್ದು ನಿಂತವಳು ನಾನಲ್ಲ, ನನ್ನ ಸೀರೆ ಅನ್ನಬೇಕು. ಬಾವಿಯ ಹತ್ತಿರ ಹೆಂಗಸರು, "ಸೆರಗಿಗೊಂದು ಕಲ್ಲು ಕಟ್ಕೊಳ್ಳೇ, ಗಾಳಿ ಬಂದ್ರೆ ರಾಂಪುರದಾಗೆ ಬೀಳ್ತೀಯ" ಎಂದು ನಗುತ್ತಿದ್ದರು. ಬಳೆಗಾರ ಬಂದು ನನ್ನ ಕೈ ಹಿಡಿದು ನೋಡಿ, "ಈ ಕೈಗೆ ಸಣ್ ಹುಡ್ಗೇರ ಬಳೆನೇ ಹಾಕ್ಬೇಕು ತಾಯಿ" ಎಂದು ಗಂಟಿನ ತಳದಿಂದ ಚಿಕ್ಕ ಬಳೆ ಹುಡುಕಿ ತೆಗೆದ. ಮದುವೆಯಾದ ಹೆಂಗಸಿಗೆ ಅದಕ್ಕಿಂತ ನಾಚಿಕೆ ಉಂಟೇ?

ಆ ಕಾರ್ತಿಕದಲ್ಲಿ ಸಡಿಲವಾಗಿದ್ದ ಬಳೆಯನ್ನು ಮೇಲಕ್ಕೆ ತಳ್ಳಿಕೊಂಡು ಹಟ ಮಾಡಿ ಮೀಸಲಿಗೆ ಕೂತೆ. ಒಂದು ಸೇರು ಹೇಗೋ ಮುಗಿಯಿತು. ಎರಡನೆಯ ಸೇರಿನ ನಡುವೆ ತೋಳುಬಳೆ ಸರಸರನೆ ಜಾರಿ ಮೊಣಕೈಗೆ ಬಂತು, ಮೊಣಕೈಯಿಂದ ಮಣಿಕಟ್ಟಿಗೆ ಬಂತು. ಹಿಟ್ಟಿಗೆ ಬಿದ್ದೀತು ಎಂದು ಗಾಬರಿಯಾಗಿ ಗೂಟ ಬಿಟ್ಟು ಬಳೆ ಹಿಡಿದೆ. ಅಷ್ಟೇ. ಮೀಸಲು ಕೆಟ್ಟಿತು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀನು ಕಲ್ಲು ತಿರುಗಿಸ್ತಿಲ್ಲ ಕಣೇ, ಕಲ್ಲೇ ನಿನ್ನ ತಿರುಗಿಸ್ತಾ ಐತೆ. ಏಳು" ಎಂದರು. ಬಿದ್ದ ಹಿಟ್ಟನ್ನು ದನಕ್ಕೆ ಹಾಕಿಸಿ, ಕಲ್ಲು ತೊಳೆಸಿ, ನನ್ನ ಓರಗಿತ್ತಿಯನ್ನು ಕೂರಿಸಿದರು.

ಓರಗಿತ್ತಿ ಎಂದರೆ ಮೈದುನನ ಹೆಂಡತಿ, ರಾಂಪುರದ ಕಡೆಯವಳು, ನನಗಿಂತ ಮೂರು ವರ್ಷ ಚಿಕ್ಕವಳು. ಮನೆಗೆ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಕೂತಳು, ಮೂರು ಸೇರನ್ನು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಸಲೀಸಾಗಿ ಬೀಸಿ ಎದ್ದಳು. ಅತ್ತೆ ನನ್ನ ಕೈಯಿಂದ ಬಳೆ ತೆಗೆದರು. ತೆಗೆಯುವುದೇನು, ತಾನೇ ಬಂತು. ಅವಳ ತೋಳಿಗೆ ಏರಿಸುವಾಗ ಮಾತ್ರ ಹರಳೆಣ್ಣೆ ಹಚ್ಚಬೇಕಾಯಿತು.

ದೀಪ ಹಚ್ಚಿದ ಮೇಲೆ ಆ ದಿನ ದೇವರು ಮಾಡಿದ ಉಪಕಾರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನಗೆ ನನ್ನ ಅವ್ವ ಕಲಿಸಿದ ರೂಢಿ. ಒಲೆ ಒಂದೇ ಕಡ್ಡಿಗೆ ಹತ್ತಿತು, ಒಂದು. ಆಕಳು ಒದೆಯದೆ ಹಾಲು ಕೊಟ್ಟಿತು, ಎರಡು. ಕೈ ಪೂರ್ತಿ ತುಂಬದಿದ್ದ ದಿನ ನನಗೆ ನೆನಪಿಲ್ಲ. ಆ ಸಂಜೆ ಹೆಬ್ಬೆರಳು ಕಿರುಬೆರಳಿನ ಮೊದಲ ಗೆಣ್ಣಿನ ಮೇಲೇ ನಿಂತುಬಿಟ್ಟಿತು. ಅಡುಗೆಮನೆಯಲ್ಲಿ ಅವಳು ಮುದ್ದೆ ತಿರುವುತ್ತಿದ್ದಳು, ದೀಪದ ಬೆಳಕಿನಲ್ಲಿ ಬಳೆ ಮಿನುಗುತ್ತಿತ್ತು. ನನಗೆ ಕಂಡದ್ದು ಅದೊಂದೇ.

ಇನ್ನು ಮುಚ್ಚಿಡುವುದೇನು, ಈಗ ನನಗೆ ವಯಸ್ಸಾಗಿದೆ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಹೊತ್ತು ಹಿಂದಕ್ಕೆ ತಿರುಗಿ ಮಾತಾಡುತ್ತಾ ದಿಬ್ಬ ಹತ್ತುತ್ತಿದ್ದಳು. ನಾನು ಅರ್ಧ ಕೊಡ ಹೊತ್ತು ಎರಡು ಕಡೆ ಇಳಿಸುತ್ತಿದ್ದೆ. ಕುಪ್ಪಸದ ತೋಳು ಅವಳಿಗೆ ಬಿಗಿಯಾಗಿ ಕೂರುತ್ತಿತ್ತು. ನನ್ನದರಲ್ಲಿ ಇನ್ನೊಂದು ತೋಳು ತೂರಿಸಬಹುದಿತ್ತು. ಅವಳು ನಕ್ಕರೆ ಹೊಟ್ಟೆ ಕುಣಿಯುತ್ತಿತ್ತು, ಅದರ ಮೇಲೂ ನನಗೆ ಕಣ್ಣು. ದೇವರ ಮುಂದೆ ಕೈ ಮುಗಿದು, ನನಗೆ ಮೈ ತುಂಬಿಸು ಎಂದು ಕೇಳುವ ಬದಲು, ಅವಳದು ಸ್ವಲ್ಪ ಇಳಿಸಪ್ಪಾ ಎಂದು ಬೇಡಿದ್ದೇನೆ. ಒಂದು ಸಲವಲ್ಲ.

ಬೇಡಿಕೆಗೆ ಬಲ ಬರಲಿ ಎಂದು ಉಪವಾಸ ಹಿಡಿದೆ. ಸೋಮವಾರ ಈಶ್ವರನಿಗೆ, ಶನಿವಾರ ಹನುಮಪ್ಪನಿಗೆ, ನಡುವೆ ಏಕಾದಶಿ. ಸಾಲದೆಂದು ಗುರುವಾರವನ್ನೂ ಸೇರಿಸಿದೆ. ಮುಂದಿನ ಕಾರ್ತಿಕಕ್ಕೆ ಮೀಸಲು ನನ್ನ ಕೈಗೆ ಬರಬೇಕು, ಬಳೆ ನನ್ನ ತೋಳಲ್ಲಿ ನಿಲ್ಲಬೇಕು. ಇದೇ ಹರಕೆ. ವಾರದಲ್ಲಿ ಮೂರು ದಿನ ಉಣ್ಣದೆ, ಮೈ ಬರಲೆಂದು ಬೇಡಿಕೊಳ್ಳುತ್ತಿದ್ದೇನಲ್ಲಾ ಎಂದು ನನಗೆ ಒಂದು ಸಲವೂ ಹೊಳೆಯಲಿಲ್ಲ. ನಮ್ಮಲ್ಲಿ ಏನು ಬೇಕಾದರೂ ಮೊದಲು ಬಿಡುವುದು ಊಟವನ್ನೇ. ಮಳೆ ಬೇಕೇ, ಉಪವಾಸ. ಮಗು ಬೇಕೇ, ಉಪವಾಸ. ಮೈ ಬೇಕೆಂದರೂ ಅದೇ ದಾರಿ ಹಿಡಿದೆ.

ಮೈ ಇನ್ನಷ್ಟು ಇಳಿಯಿತು. ಅವಳು ಹಾಗೇ ಇದ್ದಳು, ಇನ್ನೂ ಒಂದು ಸುತ್ತು ಹೆಚ್ಚೇ ಆದಳು ಎಂದು ನನಗೆ ಕಾಣಿಸಿತು. ಇವಳು ಬೆಣ್ಣೆ ಕದ್ದು ತಿನ್ನುತ್ತಾಳೆ ಎಂದು ಖಾತ್ರಿ ಮಾಡಿಕೊಂಡೆ. ನೆಲುವಿನ ಮೇಲಿದ್ದ ಬೆಣ್ಣೆ ಗಡಿಗೆಗೆ ಮಸಿಯಿಂದ ಒಂದು ಗೆರೆ ಎಳೆದೆ. ಎರಡು ದಿನ ಬಿಟ್ಟು ನೋಡಿದರೆ ಬೆಣ್ಣೆ ಗೆರೆಯಿಂದ ಒಂದು ಬೆರಳು ಕೆಳಗಿತ್ತು. ಎದೆ ಹಗುರವಾಯಿತು. ಅಷ್ಟು ಸಂತೋಷ ಜ್ವರ ಬಿಟ್ಟ ದಿನವೂ ಆಗಿರಲಿಲ್ಲ.

"ಅತ್ತೆಮ್ಮ, ಒಂದ್ ಮಾತು. ಬೆಣ್ಣೆ ಕಮ್ಮಿ ಆಗೈತೆ ನೋಡ್ರಿ. ನಾನೇ ಗೆರೆ ಹಾಕಿದ್ದೆ" ಎಂದೆ.

ಅತ್ತೆ ರಾಗಿ ಕೇರುತ್ತಿದ್ದವರು ಮೊರ ನಿಲ್ಲಿಸಲಿಲ್ಲ. "ಯಾರು ತಿಂದ್ರು ಅಂತೀಯ?"

"ನಾನ್ಯಾಕೆ ಹೇಳ್ಲಿ. ತಿಂದೋರ ಮೈಯೇ ಹೇಳ್ತೈತೆ."

"ಹೌದಾ? ಹಂಗಾರೆ ನನ್ನ ಮೈ ನೋಡು" ಎಂದರು ಅತ್ತೆ. "ಬೆಣ್ಣೆ ತೆಗ್ದೋಳು ನಾನು. ನಿನ್ ಸಾರಿಗೆ ಹಾಕಾಕೆ. ನೆನ್ನೆ ಸೋಮಾರ ಅಂತ ನೀನು ಉಣ್ಣಲಿಲ್ಲ, ಮೊನ್ನೆ ಇನ್ನೇನೋ ಅಂದೆ. ಆ ಬೆಣ್ಣೆ ಬೆಕ್ಕು ತಿಂತು. ಅವಳ ಗಂಗಾಳದ ಮ್ಯಾಲೆ ಕಣ್ಣಿಟ್ಟು ಕೂತ್ರೆ ನಿನ್ ಗಂಗಾಳ ಯಾವಾಗ ನೋಡ್ತೀಯೇ?"

ಹಿತ್ತಿಲ ಬಾಗಿಲಲ್ಲಿ ಓರಗಿತ್ತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಸಗಣಿ ಬುಟ್ಟಿ ಎತ್ತಿಕೊಂಡು ಹೋದಳು. ಬಿರುಸಾಗಿ ಜಗಳವಾಡಿದ್ದರೆ ಸಮಾಧಾನವಾಗುತ್ತಿತ್ತು. ಜಗಳವಾಡದಷ್ಟು ದೊಡ್ಡ ಮನಸ್ಸೂ ಅವಳಿಗಿದೆಯಲ್ಲಾ ಎಂದು ಅದಕ್ಕೂ ಉರಿದೆ.

ಮಾಘದ ಒಂದು ಸೋಮವಾರ ಹರಕೆ ಒಪ್ಪಿಸಲು ಬೆಟ್ಟಕ್ಕೆ ಹೊರಟೆ. ಅತ್ತೆ ಒಬ್ಬಳನ್ನೇ ಬಿಡಲಿಲ್ಲ. ಬೇರೆ ಯಾರೂ ಇಲ್ಲದ್ದಕ್ಕೆ ಓರಗಿತ್ತಿಯೇ ಜೊತೆ ಬಂದಳು. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಕೂತೆ. ಮಿಕ್ಕ ಮೆಟ್ಟಿಲುಗಳನ್ನು ಅವಳು ನನ್ನ ರಟ್ಟೆ ಹಿಡಿದು ಹತ್ತಿಸಿದಳು. ಆ ಬಳೆಯ ತಣ್ಣನೆಯ ಬೆಳ್ಳಿ ನನ್ನ ಕಂಕುಳಿಗೆ ತಾಗುತ್ತಿತ್ತು. ಪ್ರತಿ ಮೆಟ್ಟಿಲಿಗೂ ತಾಗಿತು.

ಮೇಲೆ ಪೂಜಾರಪ್ಪ ಬಾಳೆಹಣ್ಣು, ಕೊಬ್ಬರಿ, ಬೆಲ್ಲ ಕೈಗೆ ಹಾಕಲು ಬಂದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಉಪಾಸ ಐತೆ ಅಯ್ಯಾರೇ, ಕಟ್ಕೊಂಡು ಹೋಗ್ತೀನಿ."

"ಯಾತಕ್ಕೆ ತಾಯಿ ಹರಕೆ?"

ಓರಗಿತ್ತಿಯ ಮುಂದೆ ಹೇಳಲು ನಾಚಿಕೆಯಾದರೂ ದೇವರ ಎದುರು ಸುಳ್ಳು ಬರಲಿಲ್ಲ. "ಮೀಸಲು ಬೀಸಾಕೆ ಕೈಗೆ ಶಕ್ತಿ ಬರ್ಲಿ ಅಂತ."

ಪೂಜಾರಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೈಗೆ ಶಕ್ತಿ ಕೊಡು ಅಂತ ಕೇಳ್ತೀಯ. ಅವನು ಕೊಟ್ರೆ ಕಟ್ಕೊಂಡು ಹೋಗ್ತೀನಿ ಅಂತೀಯ. ಇದೇನು ವ್ಯಾಪಾರ? ದೇವ್ರು ನಿನ್ ಬಾಯಾಗೆ ಬಂದು ಅಗೀಬೇಕಾ? ಕೂತ್ಕೋ. ಇಲ್ಲೇ ತಿನ್ನು, ನನ್ ಕಣ್ಮುಂದೆ. ಇನ್ನು ಮ್ಯಾಲೆ ಬೆಳಿಗ್ಗೆ ಹೊಟ್ಟೆಗೆ ಏನಾದ್ರೂ ಬೀಳದೆ ಹೊಸ್ತಿಲು ದಾಟಾಕಿಲ್ಲ ಅಂತ ಹರಕೆ ಕಟ್ಕೋ. ಅದನ್ನ ನಡೆಸು ನೋಡೋಣ."

ತಿಂದೆ. ಕಣ್ಣಲ್ಲಿ ನೀರು ಬಂತು. ಕೊಬ್ಬರಿ ಅಷ್ಟು ರುಚಿ ಎಂದು ಮರೆತೇಹೋಗಿತ್ತು.

ಉಣ್ಣುವ ಹರಕೆ ಉಪವಾಸಕ್ಕಿಂತ ಕಷ್ಟ ಎಂದರೆ ಯಾರೂ ನಂಬುವುದಿಲ್ಲ. ಮರುದಿನವೇ, ಓರಗಿತ್ತಿ ಎಷ್ಟು ತಿನ್ನುತ್ತಾಳೋ ಅಷ್ಟು ನಾನೂ ತಿಂದೇ ತೀರುತ್ತೇನೆ ಎಂದು ಅವಳ ಎದುರಿಗೆ ಗಂಗಾಳ ಇಟ್ಟುಕೊಂಡು ಕೂತೆ. ಅವಳ ತುತ್ತಿಗೆ ನನ್ನ ತುತ್ತು. ಅವಳು ಒಂದು ದೊಡ್ಡ ಮುದ್ದೆ ಮುಗಿಸಿದಳು, ನಾನೂ ಮುಗಿಸಿದೆ. ಅವಳು ಎದ್ದು ಕೊಟ್ಟಿಗೆಗೆ ಹೋದಳು. ನಾನು ಹಿತ್ತಿಲಿಗೆ ಓಡಿ ಎಲ್ಲವನ್ನೂ ಕಾರಿಕೊಂಡೆ.

ಅವಳೇ ಬಂದು ಬೆನ್ನು ಸವರಿದಳು. ರಾಂಪುರದವಳಾದ್ದರಿಂದ ಅವಳ ಮಾತಿನಲ್ಲಿ ಆಗೀಗ ತೆಲುಗು ಬೆರೆಯುತ್ತಿತ್ತು. "ಅಯ್ಯೋ ರಾಮ! ಎಂಟು ತಿಂಗಳ ಕೂಳು ಒಂದೇ ದಿನ ಹಾಕ್ಕಂತಾರಾ ಅಕ್ಕಾ? ನಮ್ ತವರಾಗೆ ಸೊರಗಿದ ಕುರಿಗೂ ಹಿಡಿ ಹಿಡಿ ಮೇವು ಹಾಕ್ತಾರೆ. ಒಂದೇ ಸಲ ಸುರಿದ್ರೆ ಹೊಟ್ಟೆ ಉಬ್ಬಿ ಸಾಯ್ತಾವೆ."

"ನಾನು ಕುರಿ ಅಂದಂಗಾಯ್ತು."

"ಕುರಿ ಆಗಿದ್ರೆ ವಾಸಿ ಇತ್ತು. ಹೇಳಿದ್ ಮಾತು ಕೇಳ್ತಿತ್ತು."

ನಗು ಬಂತು. ನಗಲಿಲ್ಲ. ಆದರೆ ಹಿಡಿ ಹಿಡಿ ಎನ್ನುವ ಮಾತು ಹಿಡಿದುಕೊಂಡೆ. ಬೆಳಿಗ್ಗೆ ಹೊಸ್ತಿಲು ದಾಟುವ ಮುಂಚೆ ಒಂದು ಬಟ್ಟಲು ಅಂಬಲಿ, ಅದಕ್ಕೆ ಮಜ್ಜಿಗೆ. ಬಿಸಿಲೇರಿದಾಗ ಒಂದು ಹಿಡಿ ಮೊಳಕೆ ಬಂದ ಹುರುಳಿ. ಮಧ್ಯಾಹ್ನ ನಿಂಬೆಹಣ್ಣಿನಷ್ಟು ಮುದ್ದೆ, ಮೇಲೆ ಬೆಣ್ಣೆ. ಸಂಜೆ ಎಳ್ಳು ಬೆಲ್ಲ ಕುಟ್ಟಿದ ಉಂಡೆ. ಚಳ್ಳಕೆರೆಯಿಂದ ನಮ್ಮಣ್ಣ ಕಡಲೆಕಾಯಿ ಚೀಲ ತಂದು ಹಾಕಿದ ಮೇಲೆ ಹುರಿದ ಕಡಲೆಕಾಯಿ. ಮಲಗುವ ಮುಂಚೆ ಹಾಲು. ನಿಂಬೆಹಣ್ಣಿನಷ್ಟಿದ್ದ ಮುದ್ದೆ ಯುಗಾದಿಗೆ ಕಿತ್ತಳೆಯಷ್ಟಾಯಿತು.

ಬರೀ ತಿಂದರೆ ಹೊಟ್ಟೆ ಬರುತ್ತದೆ, ತೋಳು ಬರುವುದಿಲ್ಲ. ಅದನ್ನು ಹೇಳಿದವರು ಅತ್ತೆ. ಮೊದಲು ಅರ್ಧ ಸೇರು ರಾಗಿ ಬೀಸಲು ಕೊಟ್ಟರು. ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಏರಿಸುತ್ತಿದ್ದರು, ನನಗೆ ಕಾಣದಂತೆ. ನಾನು ಹುಮ್ಮಸ್ಸಿನಲ್ಲಿ ದಿನವೂ ಕಲ್ಲಿನ ಮುಂದೆ ಕೂತರೆ ಗೂಟ ಕಿತ್ತಿಡುತ್ತಿದ್ದರು. "ಸೋಮಾರ ಎತ್ತಿಗೂ ನೊಗ ಹಾಕಲ್ಲ. ನಿನ್ ರಟ್ಟೆ ಎತ್ತಿಗಿಂತ ಹೆಚ್ಚಾ? ಇವತ್ತು ಬೀಸಿದ್ರೆ ನಾಳೆ ಬಿಡು, ನೋವು ಇಳೀಲಿ." ಬಿಟ್ಟ ದಿನಗಳಲ್ಲಿ ನೀರು ಹೊತ್ತೆ. ಅರ್ಧ ಕೊಡ ಮುಕ್ಕಾಲಾಯಿತು.

ಇಷ್ಟಾದರೂ ಹೊಟ್ಟೆಕಿಚ್ಚು ಇಳಿಯಿತೆಂದು ತಿಳಿಯಬೇಡಿ. ನಾನು ಒಂದು ಸೇರು ಬೀಸಿದ ದಿನ ಅವಳು ಎರಡು ಬೀಸಿ ಹಾಡೂ ಹೇಳುತ್ತಿದ್ದಳು. ನನಗೆ ಹಾಡಿಗೆ ಉಸಿರಿರಲಿಲ್ಲ. ಅವಳು ಮೈಗೆ ಎಣ್ಣೆ ಹಚ್ಚಿಕೊಳ್ಳುವಾಗ ಆ ತೋಳಿನ ಬಳೆಯ ಸುತ್ತ ಬೆರಳಾಡಿಸಿ ಆಡಿಸಿ ಉಜ್ಜುತ್ತಿದ್ದಳು. ನನಗೆ ತೋರಿಸಲೆಂದೇ ಹೀಗೆ ಮಾಡುತ್ತಾಳೆ ಎಂದುಕೊಂಡು ಬೇಕೆಂದೇ ಆ ಕಡೆ ಹೋಗಿ, ನೋಡಿ, ಉರಿದು ಬರುತ್ತಿದ್ದೆ. ಬಂದು ಇನ್ನೊಂದು ಹಿಡಿ ಹುರುಳಿ ತಿನ್ನುತ್ತಿದ್ದೆ. ಹಸಿವೆಗೆ ತಿಂದದ್ದಕ್ಕಿಂತ ಉರಿಗೆ ತಿಂದದ್ದೇ ಹೆಚ್ಚು.

ಶ್ರಾವಣದಲ್ಲಿ ಬಳೆಗಾರ ಬಂದ. ಚಿಕ್ಕ ಬಳೆಗಳು ಒಡೆದೇ ಬಂದವು. "ಏನ್ ತಾಯಿ, ತವರಿಗೆ ಹೋಗಿದ್ರಾ?" ಎಂದ. ಹೆಂಗಸು ತವರಿಗೆ ಹೋದರೆ ಮಾತ್ರ ತುಂಬಿಕೊಂಡು ಬರುತ್ತಾಳೆ ಎಂದು ಅವನ ಎಣಿಕೆ. "ಇಲ್ಲಪ್ಪ, ಇಲ್ಲೇ ಇದ್ದೆ" ಎಂದೆ. ಹಾಗೆ ಹೇಳುವಾಗ ಅತ್ತೆಯ ಕಡೆ ನೋಡಿದೆ. ಅತ್ತೆ ಬೇರೆಲ್ಲೋ ನೋಡುತ್ತಿದ್ದರು, ಆದರೆ ಮುಖ ಅರಳಿತ್ತು. ಆ ಸಂಜೆ ಬೆರಳು ಗೆಣ್ಣಿನಿಂದ ಗೆಣ್ಣಿಗೆ ಓಡಿತು.

ಕಾರ್ತಿಕ ಬಂತು. ಮೀಸಲಿನ ಬೆಳಿಗ್ಗೆ ಅಂಬಲಿ ಕುಡಿದು, ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ಕಲ್ಲಿನ ಮುಂದೆ ನಿಂತೆ. ಅತ್ತೆ ಇಬ್ಬರು ಸೊಸೆಯರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು. "ಕೂತ್ಕೋ" ಎಂದರು ನನಗೆ. "ಈ ಸಲ ಬಿಟ್ರೆ ಇನ್ನು ಕೇಳ್ಬ್ಯಾಡ."

ಮೊದಲ ಸೇರು ಹೋದದ್ದೇ ತಿಳಿಯಲಿಲ್ಲ. ಎರಡನೆಯದರಲ್ಲಿ ಬೆವರು ಕಣ್ಣಿಗಿಳಿಯಿತು. ಮೂರನೆಯದರ ಅರ್ಧಕ್ಕೆ ಬರುವಾಗ ರಟ್ಟೆಯಲ್ಲಿ ಕೆಂಡ ಇಟ್ಟಂತಾಗಿ ಕಲ್ಲು ಭಾರವಾಗಿ ನಿಧಾನಿಸಿತು. ಮಾತಾಡುವಂತಿಲ್ಲ, ಬಿಡುವಂತಿಲ್ಲ. ತಲೆ ಎತ್ತಿದರೆ ಎದುರುಗೋಡೆಗೆ ಒರಗಿ ಓರಗಿತ್ತಿ ಕೂತಿದ್ದಳು. ಅವಳ ಕೈ ಗಾಳಿಯಲ್ಲಿ ಸುತ್ತುತ್ತಿತ್ತು, ಗೂಟ ಹಿಡಿದವಳ ಹಾಗೆ, ಒಂದೇ ಸಮನೆ. ತೋಳಲ್ಲಿ ಬಳೆ. ಹೀಗೆ ಬೀಸಬೇಕು ಎಂದು ನನಗೆ ಕಲಿಸುತ್ತಿದ್ದಾಳಾ ಇವಳು? ಮೈಯೆಲ್ಲ ಉರಿದು ಹೋಯಿತು. ಆ ಉರಿಯಲ್ಲೇ ಅವಳ ಕೈಗೆ ಸಮವಾಗಿ ನನ್ನ ಕೈ ತಿರುಗಿತು, ತಿರುಗಿತು, ಕಡೆಯ ಹಿಡಿ ಕಾಳು ಕಲ್ಲಿನ ಬಾಯಿಗೆ ಬಿದ್ದು ಬರೀ ಕಲ್ಲು ಸದ್ದು ಮಾಡುವ ತನಕ ತಿರುಗಿತು.

ಗೂಟ ಬಿಟ್ಟೆ. ಬೆರಳು ಬಿಚ್ಚಲು ಬರಲಿಲ್ಲ, ಎಡಗೈಯಿಂದ ಒಂದೊಂದೇ ಬಿಡಿಸಿದೆ.

ಅವಳ ತೋಳಿನಿಂದ ಬಳೆ ಬರಲಿಲ್ಲ. ಅತ್ತೆ ಹರಳೆಣ್ಣೆ ಸುರಿದು ಎಳೆದರು. ಅವಳು "ಅಯ್ಯಯ್ಯೋ ಅತ್ತೆಮ್ಮಾ, ತೋಳು ಇರ್ಲಿ, ಬಳೆ ಮಾತ್ರ ತಗೊಳ್ರಿ" ಎಂದು ಕೂಗುತ್ತಿದ್ದಳು. ಕೊನೆಗೆ ಬಂತು. ಬಳೆಯಿದ್ದ ಜಾಗದಲ್ಲಿ ಚರ್ಮ ಕಪ್ಪಗೆ ಗಾಡಿಚಕ್ರದ ಜಾಡಿನ ಹಾಗೆ ಒಳಗಿಳಿದು ಹೋಗಿತ್ತು.

"ಅಬ್ಬಾ, ಬಿಡ್ತು ಪೀಡೆ!" ಎಂದಳು.

"ಪೀಡೆ ಅಂತೀಯೇನೇ ದೇವ್ರ ಬಳೆನಾ!" ಎಂದು ಅತ್ತೆ ಗದರಿದರು.

"ವರ್ಷ ಪೂರ್ತಿ ಆ ಮಗ್ಗುಲಿಗೆ ಮಲಗಿಲ್ಲ ಅತ್ತೆಮ್ಮ. ದಿನಾ ಎಣ್ಣೆ ಹಚ್ಚಿ ಉಜ್ಜಿದ್ರೂ ಜುಮ್ ಅಂತಿತ್ತು." ಆಮೇಲೆ ನನ್ನ ಕಡೆ ತಿರುಗಿದಳು. "ಯಾವಾಗ ಗಟ್ಟಿ ಆಗ್ತಾಳೋ ಈ ಅಕ್ಕ, ಯಾವಾಗ ಇದು ಬಿಡ್ತದೋ ಅಂತ ನಾನೂ ರಾಮೇಶ್ವರಂಗೆ ಕೈ ಮುಗೀತಿದ್ದೆ."

ವರ್ಷವಿಡೀ ನಾನು ಉರಿದದ್ದು ಅವಳನ್ನು ಕಚ್ಚುತ್ತಿದ್ದ ಬಳೆಗೆ.

ಅತ್ತೆ ಬಳೆಯನ್ನು ನನ್ನ ಮೊಣಕೈ ದಾಟಿಸಿ ಮೇಲೆ ತಳ್ಳಿದರು. "ಕೈ ಕೆಳಗೆ ಬಿಡು. ಕೊಡವು." ಕೊಡವಿದೆ. "ಇನ್ನೊಂದ್ ಸಲ." ಕೊಡವಿದೆ. ಬಳೆ ಕದಲಲಿಲ್ಲ. ಅಷ್ಟಾದರೂ ಹಾಳು ಕಣ್ಣು ಅವಳ ತೋಳಿನ ಆ ಜಾಡಿನ ಕಡೆಗೇ ಹೋಯಿತು. ನನ್ನಲ್ಲಿ ಬಳೆ ನಿಂತಿದೆ, ನಿಜ. ಅವಳಲ್ಲಿ ಹೂತುಹೋಗಿತ್ತಲ್ಲಾ.

ಮರುದಿನ ತಂಬಿಟ್ಟಿನ ಬುಟ್ಟಿ ಹೊತ್ತು ಬೆಟ್ಟ ಹತ್ತಿದೆ. ಎರಡು ಕಡೆ ನಿಂತೆ, ಎಲ್ಲೂ ಕೂರಲಿಲ್ಲ. ಪೂಜಾರಪ್ಪ ನನ್ನನ್ನು ಗುರುತು ಹಿಡಿದು, "ಇವತ್ತು ಉಪಾಸನಾ ತಾಯಿ?" ಎಂದು ನಕ್ಕರು. ಕೈ ಚಾಚಿದೆ. ನನಗೊಂದು ಉಂಡೆ, ಹಿಂದೆ ಬಂದ ಓರಗಿತ್ತಿಗೊಂದು ಉಂಡೆ ಹಾಕಿದರು. ಕಲ್ಲಿನ ಮೇಲೆ ಇಬ್ಬರೂ ಕೂತೆವು.

ಅವಳ ಉಂಡೆ ದೊಡ್ಡದಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ಮುರಿದು ಅರ್ಧ ನನ್ನ ಕೈಗಿಟ್ಟು, ತನ್ನ ತೆಲುಗಿನಲ್ಲಿ "ತಿನು ಅಕ್ಕಾ, ತಿನು" ಎಂದಳು.

ಪೂರ್ತಿ ತಿಂದೆ.